ಮೋಟಾರು ಸುಡುವುದು ಹಣೆಬರಹವಲ್ಲ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕಳೆದ ಬೇಸಿಗೆಯಲ್ಲಿ ನನ್ನ 5 ಎಚ್‌ಪಿ ಮೋಟಾರು ಎರಡು ಸಲ ಸುಟ್ಟಿತು. ರೀವೈಂಡಿಂಗಿಗೆ ಸಾಲ ಮಾಡಿದೆ. ಅದನ್ನು ಮೇಲೆತ್ತಿ, ಕಟ್ಟಿಸಿ, ಮತ್ತೆ ಇಳಿಸುವಷ್ಟರಲ್ಲಿ ಟೊಮೇಟೊ ಒಣಗಿಹೋಯಿತು. ರೈತನಿಗೆ ಕರೆಂಟು ಬಿಟ್ಟಿ ಅಂತ ಪೇಟೆಯವರು ಆಡಿಕೊಳ್ತಾರೆ. ಸುಟ್ಟ ತಾಮ್ರದ ಬಿಲ್ಲು ಬಿಟ್ಟಿಯೇ? ಬೀಜ, ಗೊಬ್ಬರ, ಬಡ್ಡಿ ಎಲ್ಲ ಲೆಕ್ಕ ಬರೀತೀವಿ. ಈ ಖರ್ಚನ್ನು ಮಾತ್ರ ಹಣೆಬರಹ ಅಂತ ಬಿಡ್ತೀವಿ. ಹಣೆಬರಹವಲ್ಲ, ಕಾರಣ ಇದೆ.

ವೋಲ್ಟೇಜ್ ನೂರಕ್ಕೆ 20 ಇಳಿದರೆ ಮೋಟಾರಿನ ತಿರುಗಿಸುವ ಬಲ ನೂರಕ್ಕೆ 36 ಇಳಿಯುತ್ತೆ. ಆದರೆ ನೀರಿನ ಭಾರ ಇಳಿಯುವುದಿಲ್ಲ. ಆಗ ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತೆ, ಸುರುಳಿ ಕಾಯುತ್ತೆ. ಹಾಗೆ ಎಳೆದದ್ದರಿಂದ ಲೈನಿನಲ್ಲಿ ವೋಲ್ಟೇಜ್ ಇನ್ನೂ ಕುಸಿಯುತ್ತೆ, ಪಕ್ಕದ ಹೊಲದ ಮೋಟಾರೂ ಹೆಚ್ಚು ಎಳೆಯುತ್ತೆ. ಕಾಲುವೆಯ ಕೊನೆಯವನಿಗೆ ನೀರು ತಲುಪದ ಹಾಗೆ ಲೈನಿನ ಕೊನೆಯವನಿಗೆ ವೋಲ್ಟೇಜ್ ತಲುಪೋದಿಲ್ಲ.

ಇದು ಹಳ್ಳಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. 1987ರ ಜುಲೈ 23ರಂದು ಜಪಾನಿನ ಟೋಕಿಯೊದಲ್ಲಿ ವಿಪರೀತ ಸೆಕೆ. ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಕರೆಂಟಿನ ಬೇಡಿಕೆ ಒಮ್ಮೆಲೇ ಏರಿತು. ವೋಲ್ಟೇಜ್ ಇಳಿದಷ್ಟೂ ತಂಪು ಮಾಡುವ ಯಂತ್ರಗಳು ಹೆಚ್ಚು ಆಂಪಿಯರ್ ಎಳೆದವು. ಇದ್ದ ಕೆಪಾಸಿಟರುಗಳನ್ನೆಲ್ಲ ಲೈನಿಗೆ ಸೇರಿಸಿದರೂ ವೋಲ್ಟೇಜ್ ನಿಲ್ಲಲಿಲ್ಲ. ಸುಮಾರು 28 ಲಕ್ಷ ಮನೆಗಳು ಕತ್ತಲಾದವು. ಪ್ರಪಂಚದ ಎಂಜಿನಿಯರುಗಳು ಅದನ್ನು ಇವತ್ತಿಗೂ ಓದುತ್ತಾರೆ. ನಮ್ಮ ಟಿ.ಸಿ.ಯ ಕೆಳಗೆ ದಿನಾ ಆಗೋದೂ ಅದೇ ಜಾತಿಯ ಕುಸಿತ. ಅದನ್ನು ಓದುವವರು ಯಾರು?

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳೋಣ. 63 ಕೆವಿಎ ಟಿ.ಸಿ. 5 ಎಚ್‌ಪಿಯ ಹನ್ನೆರಡು ಮೋಟಾರು ಹೊರುತ್ತೆ. ನಮ್ಮದರಲ್ಲಿ ಹತ್ತೊಂಬತ್ತು ಇವೆ, ಐದು ಅಕ್ರಮ. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರಿನಿಂದ ಎಲ್ಲವೂ ಒಟ್ಟಿಗೆ ಎದ್ದೇಳುತ್ತವೆ. ಎದ್ದೇಳುವ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಎಳೆಯುತ್ತೆ. ಎರಡೆರಡು ನಿಮಿಷ ಹಿಂದುಮುಂದು ಮಾಡಿಕೊಂಡರೆ ಯಾರ ಬೆಳೆಯೂ ಒಣಗೋದಿಲ್ಲ. ಮೋಟಾರಿಗೆ ತಕ್ಕ ಕೆಪಾಸಿಟರ್ ಹಾಕಿಸಿ. ಮೋಟಾರಿನ ಕಾಂತಕ್ಕೆ ಬೇಕಾದ ಕರೆಂಟನ್ನು ಅದು ಅಲ್ಲೇ ಒದಗಿಸುತ್ತೆ, ಲೈನಿನ ಹೊರೆ ಇಳಿಯುತ್ತೆ.

ಆದರೆ ಕೆಪಾಸಿಟರ್ ಒಂದರಿಂದಲೇ ಆಗೋದಿಲ್ಲ ಅಂತ ಟೋಕಿಯೊ ಹೇಳಿದೆ. ಟಿ.ಸಿ. ಸಾಲದೆ ಇದ್ದರೆ, ತಂತಿ ಸಣ್ಣದಾಗಿ ಉದ್ದವಾಗಿದ್ದರೆ ಅದನ್ನು ಸರಿಮಾಡುವುದು ಸರಬರಾಜು ಮಾಡುವವರ ಕೆಲಸ. 1956ರ ವಿದ್ಯುತ್ ನಿಯಮಗಳೇ ಈ ಮಟ್ಟದ ವೋಲ್ಟೇಜ್ ನೂರಕ್ಕೆ 6ಕ್ಕಿಂತ ಹೆಚ್ಚು ಏರಿಳಿಯಬಾರದು ಎಂದಿದ್ದವು. ಅಂದರೆ 415 ಇರಬೇಕಾದಲ್ಲಿ 390ಕ್ಕಿಂತ ಕೆಳಗೆ ಬರಬಾರದು. ನನ್ನ ಮೋಟಾರು ಸುಟ್ಟ ದಿನ ಮೀಟರಿನ ಮುಳ್ಳು 310 ತೋರಿಸುತ್ತಿತ್ತು.

ಆದ್ದರಿಂದ ಬಂಧುಗಳೇ, ನಾಳೆಯಿಂದ ಪ್ರತಿ ಟಿ.ಸಿ.ಗೆ ಒಂದು ನೋಟುಬುಕ್ ಇಡಿ. ತಾರೀಖು, ಹೊತ್ತು, ವೋಲ್ಟೇಜ್, ಸುಟ್ಟ ಮೋಟಾರು, ತೆತ್ತ ಹಣ ಬರೆಯಿರಿ. ಒಂದು ತಿಂಗಳಾದ ಮೇಲೆ ಎಲ್ಲರೂ ಸಹಿ ಹಾಕಿ ಕಚೇರಿಗೆ ಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರನ್ನು ಬಾಗಿಲಲ್ಲೇ ಮರೆತುಬಿಡ್ತಾರೆ. ಲೆಕ್ಕ ಹಿಡಿದು ಹೋದವರನ್ನು ಬರಿಗೈಲಿ ಕಳಿಸೋದು ಕಷ್ಟ.