ಇರುವೆ ಸಾಲಿನಿಂದ ಭದ್ರಾ ನಾಲೆಗೆ

ಮಳೆ ಹಿಡಿಯಿತೆಂದರೆ ದಾವಣಗೆರೆ, ಹರಿಹರದ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಭದ್ರಾ ಡ್ಯಾಮ್ ಎಷ್ಟಡಿ ಆಯ್ತು? ಪೂರ್ತಿ 186 ಅಡಿ ತುಂಬಿದರೂ, ನೀರು ತಮ್ಮಲ್ಲಿಗೆ ತಲುಪೀತೇ ಎಂದು ನಾಲೆಯ ಕೊನೆ ಭಾಗದವರಿಗೆ ಮನಸ್ಸು ನಿಲ್ಲುವುದಿಲ್ಲ. ಡ್ಯಾಮಿನಿಂದ ಯಾವಾಗ, ಎಷ್ಟು ನೀರು ಬಿಡಬೇಕು? ಇಂಥ ಲೆಕ್ಕವನ್ನು ವಿಜ್ಞಾನಿಗಳು ಇರುವೆಗಳಿಂದಲೂ ಕಲಿತಿದ್ದಾರೆ ಅಂದರೆ ನಂಬುತ್ತೀರಾ?

ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಡೆನೊಬೂರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇರುವೆ ಗೂಡಿಗೂ ಆಹಾರಕ್ಕೂ ನಡುವೆ ಎರಡು ಕವಲಿನ ಪುಟ್ಟ ಸೇತುವೆ ಇಟ್ಟರು. ಒಂದು ಕವಲು ಗಿಡ್ಡ, ಇನ್ನೊಂದು ಉದ್ದ. ಮೊದಮೊದಲು ಇರುವೆಗಳು ಎರಡರಲ್ಲೂ ಓಡಾಡಿದವು. ನಡೆದಲ್ಲೆಲ್ಲ ವಾಸನೆ ಬಿಡುವುದು ಅವುಗಳ ಗುಣ. ಗಿಡ್ಡ ದಾರಿ ಹಿಡಿದವು ಬೇಗ ಮರಳಿದವು. ಅಲ್ಲಿ ವಾಸನೆ ಬೇಗ ಗಟ್ಟಿಯಾಯಿತು. ಹಿಂದೆ ಬಂದವು ಅದನ್ನೇ ಹಿಡಿದವು. ನೋಡನೋಡುತ್ತ ಸಾಲಿಗೆ ಸಾಲೇ ಗಿಡ್ಡ ದಾರಿಗೆ ಬಿತ್ತು. ಅಳೆದವರಿಲ್ಲ, ಅಪ್ಪಣೆ ಕೊಟ್ಟವರಿಲ್ಲ! 1989ರಲ್ಲಿ ಪ್ರಕಟವಾದ ಈ ಪ್ರಯೋಗ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಟಲಿಯ ಮಾರ್ಕೊ ಡೊರಿಗೊ 1992ರ ಪಿಎಚ್‌.ಡಿ. ಪ್ರಬಂಧದಲ್ಲಿ ಇರುವೆಗಳ ಈ ನಡೆಯನ್ನೇ ಕಂಪ್ಯೂಟರ್ ಲೆಕ್ಕವಾಗಿಸಿದರು. ನಡುವಿನ ವರ್ಷಗಳನ್ನು ದಾಟಿ ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ನಾಗೇಶ್ ಕುಮಾರ್ ಮತ್ತು ಎಂ. ಜಂಗಾ ರೆಡ್ಡಿ 2006ರಲ್ಲಿ ಒಡಿಶಾದ ಹಿರಾಕುಡ್ ಜಲಾಶಯಕ್ಕೆ ಇರುವೆ ಲೆಕ್ಕ ಹಚ್ಚಿದರು. ಕಂಪ್ಯೂಟರಿನ ಒಂದೊಂದು ಇರುವೆಯೂ ನೀರು ಬಿಡುವ ಒಂದೊಂದು ಕ್ರಮವನ್ನು ನಡೆದು ನೋಡುತ್ತದೆ. ಪ್ರವಾಹ ತಪ್ಪಿಸಿ, ಬೆಳೆಗೆ ಕೊರತೆ ತಗ್ಗಿಸಿ, ವಿದ್ಯುತ್ತನ್ನೂ ಕೊಟ್ಟ ದಾರಿಗೆ ವಾಸನೆ ಹೆಚ್ಚು, ಉಳಿದವುಗಳದು ಆರಿಹೋಗುತ್ತದೆ.

ನಮ್ಮ ಭದ್ರೆಗೆ ಇವರಿಬ್ಬರೂ 2007ರಲ್ಲಿ ಹಚ್ಚಿದ್ದು ಅದೇ ಬಳಗದ ಇನ್ನೊಂದು ಲೆಕ್ಕ, ಹಕ್ಕಿಹಿಂಡಿನ ಹಾರಾಟ ನೋಡಿ ಕಟ್ಟಿದ್ದು. ನೀರಾವರಿ, ವಿದ್ಯುತ್ತು, ಜೊತೆಗೆ ಕೆಳಗಿನ ಹೊಳೆಯ ನೀರಿನ ಗುಣವನ್ನೂ ಅದು ಎಣಿಸಿತು. ಕೆಳಗಿನ ಹೊಳೆ ಎಂದರೆ ಕೂಡ್ಲಿಯಲ್ಲಿ ತುಂಗೆ ಕೂಡಿ ಹರಿಹರಕ್ಕೆ ಬರುವುದೇ! ಉತ್ತರವೂ ಒಂದಲ್ಲ: ನೀರಾವರಿಗೆ ಇಷ್ಟಾದರೆ ವಿದ್ಯುತ್ತಿಗೆ ಇಷ್ಟು ಎಂಬ ಹಲವು ಆಯ್ಕೆಗಳು.

ಆದರೆ ನನ್ನ ಕೊರಗು ಇಲ್ಲೇ. ಈ ಎರಡೂ ಲೆಕ್ಕ ಡ್ಯಾಮಿನ ಬಾಗಿಲಿಗೆ ನಿಲ್ಲುತ್ತವೆ; ಕೊನೆ ಭಾಗದವರ ಪಾಡು ಶುರುವಾಗುವುದು ಅದರಾಚೆ. ದಾವಣಗೆರೆಯಲ್ಲಿ ಯುಬಿಡಿಟಿ, ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಹುಡುಗ ಹುಡುಗಿಯರು ಆ ಇರುವೆಗಳನ್ನು ಭದ್ರಾ ನಾಲೆಯ ಮಲೇಬೆನ್ನೂರಿನ ತೂಬುಗಳವರೆಗೂ ನಡೆಸಲಿ. ಮೊದಲ ಪ್ರಶ್ನೆ ಕೊನೆ ಭಾಗದ ರೈತರನ್ನೇ ಕೇಳಲಿ.