ತಕಿಯೆ ದೌಲತ್: ತೆಹ್ರಾನಿನ ಕಳೆದುಹೋದ ರಂಗಮಂದಿರ

ತೆಹ್ರಾನಿನ ಗುಲಿಸ್ತಾನ್ ಅರಮನೆಯ ಮಗ್ಗುಲಲ್ಲಿ ಒಂದು ಕಾಲಕ್ಕೆ ತಕಿಯೆ ದೌಲತ್ ಎಂಬ ದುಂಡನೆಯ ರಂಗಮಂದಿರವಿತ್ತು. ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ಕಥೆಯನ್ನು ಮೊಹರಂ ದಿನಗಳಲ್ಲಿ ಆಡಿ ತೋರಿಸುವ ತಾಝಿಯೆ ನಾಟಕಕ್ಕೆಂದೇ ದೊರೆ ನಾಸಿರುದ್ದೀನ್ ಷಾ ಅದನ್ನು ಕಟ್ಟಿಸಿದ. ಉತ್ತರ ಕರ್ನಾಟಕದ ರಿವಾಯತ್ ಹಾಡು ಕೇಳಿ ಬೆಳೆದವರಿಗೆ ಈ ಕಥೆ ಹೊಸದಲ್ಲ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಂಡು ಮರುಳಾದ ಷಾ ಅದರದೇ ನಕಲು ಮಾಡಿಸಿದ ಎಂಬ ಮಾತು ಬಹುಕಾಲದಿಂದ ಚಲಾವಣೆಯಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ತಕಿಯೆಯ ಕೆಲಸ ಶುರುವಾದದ್ದು 1860ರ ದಶಕದ ಕೊನೆಯಲ್ಲಿ, ಆಲ್ಬರ್ಟ್ ಹಾಲ್ ಬಾಗಿಲು ತೆರೆದದ್ದು 1871ರಲ್ಲಿ, ಷಾ ಮೊದಲ ಬಾರಿ ಯುರೋಪಿಗೆ ಹೋದದ್ದು 1873ರಲ್ಲಿ. ನೋಡದೇ ಇದ್ದದ್ದನ್ನು ನಕಲು ಮಾಡುವುದು ಹೇಗೆ?

ತಾರೀಖುಗಳಿಗಿಂತ ಗಟ್ಟಿಯಾದ ಸಾಕ್ಷಿ ಕಟ್ಟಡದ ಒಳಗೇ ಇತ್ತು. ಚಿತ್ರಕಾರ ಕಮಾಲ್-ಉಲ್-ಮುಲ್ಕ್ ಬರೆದ ತಕಿಯೆಯ ಚಿತ್ರವನ್ನೂ 1880ರ ದಶಕದಲ್ಲಿ ಅಲ್ಲಿ ನಾಟಕ ನೋಡಿದ ಅಮೆರಿಕದ ರಾಯಭಾರಿ ಸ್ಯಾಮ್ಯುಯೆಲ್ ಬೆಂಜಮಿನ್ನನ ವರ್ಣನೆಯನ್ನೂ ಜೊತೆಗಿಟ್ಟು ನೋಡಿ. ನಟ್ಟನಡುವೆ ದುಂಡನೆಯ ಜಗಲಿ, ಪರದೆಯಿಲ್ಲ, ನೇಪಥ್ಯವಿಲ್ಲ. ಜಗಲಿಯ ಸುತ್ತ ಕುದುರೆ, ಒಂಟೆಗಳು ಓಡಾಡುವ ದಾರಿ. ಅದರಾಚೆ ನೆಲದ ಮೇಲೆ ಒತ್ತೊತ್ತಾಗಿ ಕುಳಿತ ಹೆಂಗಸರು. ಪಾತ್ರಧಾರಿ ಜಗಲಿಯಿಂದಿಳಿದು ಒಂದು ಸುತ್ತು ಬಂದರೆ ದೂರದ ಪಯಣ ಮುಗಿದಂತೆ. ಒಂದು ಬೋಗುಣಿ ನೀರು ಯೂಫ್ರೆಟಿಸ್ ನದಿ. ಚೆಲ್ಲಿದ ಹೊಟ್ಟು ಮರುಭೂಮಿ. ಇಮಾಮರ ಕಡೆಯವರು ಹಾಡುತ್ತಾರೆ, ಕೆಂಪುಡುಗೆಯ ವೈರಿಗಳು ಅಬ್ಬರಿಸಿ ಮಾತಾಡುತ್ತಾರೆ. ನಿರ್ದೇಶಕ ಎಲ್ಲರಿಗೂ ಕಾಣುವಂತೆ ಜಗಲಿಯ ಮೇಲೆಯೇ ಓಡಾಡಿ ಮಾತಿನ ಚೀಟಿ ಕೊಡುತ್ತಾನೆ. ಇಲ್ಲಿ ನೋಡುವವರು ಕರ್ಬಲಾವನ್ನು ಮುತ್ತಿ ಕುಳಿತ ಶೋಕಾರ್ತರು. ಮೆರವಣಿಗೆಯಿಂದ ಹುಟ್ಟಿದ ಆಟಕ್ಕೆ ನಾಲ್ಕೂ ದಿಕ್ಕು ಬೇಕು. ದುಂಡು ಆಕಾರವನ್ನು ಬೇಡಿದ್ದು ಆ ಆಟವೇ.

ಮೂರಂತಸ್ತಿನ ಕಮಾನುಗೂಡುಗಳನ್ನು ಸಿರಿವಂತರು ಕನ್ನಡಿ, ದೀಪದ ಗೊಂಚಲು, ರತ್ನಗಂಬಳಿಗಳಿಂದ ಪೈಪೋಟಿಗೆ ಬಿದ್ದು ಸಿಂಗರಿಸುತ್ತಿದ್ದರಲ್ಲ, ಅದು ಬರಿಯ ರಾಜಾಡಂಬರವಲ್ಲವೇ ಎಂದು ಕೇಳಬಹುದು. ಆಡಂಬರ ಇದ್ದದ್ದು ನಿಜ. ದೊರೆಯ ಹಿರಿಮೆ ಮೆರೆಸುವುದೂ ಉದ್ದೇಶವಾಗಿತ್ತು. ಆದರೆ ಕಟ್ಟಡಕ್ಕೆ ಹಣ ಸುರಿದವನು ದೊರೆ ಎಂದ ಮಾತ್ರಕ್ಕೆ ರಂಗದ ಕಲ್ಪನೆಯೂ ದೊರೆಯದಾಗುವುದಿಲ್ಲ. ಆ ದೊರೆಯ ವಂಶದ ಆಳ್ವಿಕೆ ಬಿದ್ದ ಮೇಲೆ ನಡೆದದ್ದೇ ಇದಕ್ಕೆ ಪುರಾವೆ. 1925ರಲ್ಲಿ ರಾಜ್ಯವನ್ನು ಸೇನಾನಾಯಕ ರೆಜಾ ಖಾನನಿಗೆ ಒಪ್ಪಿಸಿದ ಸಭೆ ಸೇರಿದ್ದು ಇದೇ ತಕಿಯೆಯಲ್ಲಿ. ಅವನ ಆಳ್ವಿಕೆಯಲ್ಲೇ ತಾಝಿಯೆಗೆ ನಿಷೇಧ ಬಂತು. 1940ರ ದಶಕದಲ್ಲಿ ಕಟ್ಟಡವನ್ನೇ ಕೆಡವಿದರು. ಆ ಜಾಗದಲ್ಲಿ ಬ್ಯಾಂಕೊಂದು ಎದ್ದಿತು. ಇಂಥ ಕಟ್ಟಡವನ್ನು ಕಳೆದುಕೊಂಡದ್ದು ಇರಾನಿನ ರಂಗಭೂಮಿಗಷ್ಟೇ ಅಲ್ಲ, ಲೋಕದ ರಂಗಭೂಮಿಗೇ ಆದ ನಷ್ಟ. ಆಟ ಮಾತ್ರ ಹಳ್ಳಿಗಳಿಗೆ ಸರಿದು, ಬಯಲಲ್ಲಿ, ಅಂಗಳದಲ್ಲಿ, ಜನ ಸುತ್ತುಗಟ್ಟಿ ಕುಳಿತಲ್ಲೆಲ್ಲ ನಡೆಯಿತು. 2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅರಮನೆಯ ಆಸರೆಯಿಲ್ಲದೆ ಬದುಕುಳಿದ ಈ ಆಟವನ್ನು.