ನವಜಾತ ಶಿಶುವಿನ ಉಳಿವು ಮತ್ತು ಶುಶ್ರೂಷಕಿಯರ ಕಾರ್ಯಪರಿಸರ

1. ವಿಷಯದ ವ್ಯಾಪ್ತಿ

ಹುಟ್ಟಿನಿಂದ ಮೊದಲ 28 ದಿನಗಳ ಕಾಲವನ್ನು ವೈದ್ಯಶಾಸ್ತ್ರವು ನವಜಾತ ಅವಧಿ ಎಂದು ಗುರುತಿಸುತ್ತದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಕೂಸುಗಳು ಈ ಅವಧಿಯನ್ನು ದಾಟಲಾರದೆ ತೀರಿಕೊಂಡವು. ಭಾರತದಲ್ಲಿ, 2020ರ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ, ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 20 ಶಿಶುಗಳು ಇದೇ ಅವಧಿಯಲ್ಲಿ ಅಸುನೀಗಿದವು. ದಿನ ತುಂಬದ ಹೆರಿಗೆಯ ತೊಡಕುಗಳು, ಹೆರಿಗೆಯ ವೇಳೆಯ ಉಸಿರುಗಟ್ಟುವಿಕೆ ಮತ್ತು ಸೋಂಕು ಈ ಸಾವುಗಳ ಮುಖ್ಯ ಕಾರಣಗಳು. ಮೈಯನ್ನು ಬೆಚ್ಚಗಿಡುವುದು, ತಾಯಿಯ ಹಾಲನ್ನು ಹೊತ್ತಿಗೆ ಸರಿಯಾಗಿ ಉಣಿಸುವುದು, ಕೈ ತೊಳೆದೇ ಕೂಸನ್ನು ಮುಟ್ಟುವುದು, ಉಸಿರಿನ ಏರುಪೇರನ್ನು ಕೂಡಲೇ ಗುರುತಿಸುವುದು ಮುಂತಾದ ಪರಿಹಾರಗಳೂ ಬಹುಮಟ್ಟಿಗೆ ತಿಳಿದಿರುವಂಥವೇ ಆಗಿದ್ದು, ಇವುಗಳಲ್ಲಿ ಬಹುತೇಕ ಎಲ್ಲವೂ ಹಗಲಿರುಳು ಕೂಸಿನ ಬಳಿ ಇರುವ ಶುಶ್ರೂಷಕಿಯ ಕೈಯಲ್ಲಿ ನಡೆಯಬೇಕಾದ ಕೆಲಸಗಳಾಗಿವೆ. ಆದ್ದರಿಂದ ಶುಶ್ರೂಷಕಿಯರು ಎಂಥ ಪರಿಸ್ಥಿತಿಯಲ್ಲಿ ದುಡಿಯುತ್ತಾರೆ ಎಂಬ ಪ್ರಶ್ನೆಯನ್ನು ಸಿಬ್ಬಂದಿಯ ಹಿತರಕ್ಷಣೆಯ ಕಡತಕ್ಕೆ ಸೇರಿಸಿ ಕೈಬಿಡುವಂತಿಲ್ಲ. ಅದು ಕೂಸಿಗೆ ಸಲ್ಲುವ ಚಿಕಿತ್ಸೆಯದೇ ಒಂದು ಅಂಗ ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

2. ಕಾರ್ಯಪರಿಸರದ ಅಳತೆ

ಈ ಅಧ್ಯಯನಶಾಖೆಯ ಬೇರುಗಳು ಅಮೆರಿಕದಲ್ಲಿವೆ. ಶುಶ್ರೂಷಕಿಯರ ಕೊರತೆ ಆ ದೇಶವನ್ನು ಕಾಡುತ್ತಿದ್ದ ಕಾಲದಲ್ಲಿಯೂ ಕೆಲವು ಆಸ್ಪತ್ರೆಗಳು ನುರಿತ ಶುಶ್ರೂಷಕಿಯರನ್ನು ಸೆಳೆದು ಉಳಿಸಿಕೊಳ್ಳುತ್ತಿದ್ದುದನ್ನು ಗಮನಿಸಿದ ಅಲ್ಲಿನ ಶುಶ್ರೂಷಾ ಅಕಾಡೆಮಿಯು 1983ರಲ್ಲಿ ಅಂಥ 41 ಆಸ್ಪತ್ರೆಗಳನ್ನು ಗುರುತಿಸಿ, ಅವುಗಳಿಗಿರುವ ಸಮಾನ ಲಕ್ಷಣಗಳನ್ನು ವಿವರಿಸಿತು. ಅವಕ್ಕೆ ಮ್ಯಾಗ್ನೆಟ್ ಆಸ್ಪತ್ರೆಗಳು ಎಂಬ ಹೆಸರು ನಿಂತಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಐಲೀನ್ ಲೇಕ್ ಅವರು 2002ರಲ್ಲಿ ಪ್ರಕಟಿಸಿದ ಮಾಪನವು ಆ ಲಕ್ಷಣಗಳನ್ನು 31 ಹೇಳಿಕೆಗಳ ಪ್ರಶ್ನಾವಳಿಯಾಗಿ ರೂಪಿಸಿ, ಕಾರ್ಯಪರಿಸರವನ್ನು ಐದು ಮುಖಗಳಲ್ಲಿ ಅಳೆಯಲು ಅನುವು ಮಾಡಿಕೊಟ್ಟಿತು: ಆಸ್ಪತ್ರೆಯ ಆಡಳಿತದಲ್ಲಿ ಶುಶ್ರೂಷಕಿಯರ ಪಾಲುದಾರಿಕೆ, ಗುಣಮಟ್ಟದ ಆರೈಕೆಗೆ ಬೇಕಾದ ತರಬೇತಿ ಮತ್ತು ಕ್ರಮಗಳು, ಮೇಲ್ವಿಚಾರಕಿಯ ಸಾಮರ್ಥ್ಯ ಹಾಗೂ ಬೆಂಬಲ, ಸಿಬ್ಬಂದಿ ಮತ್ತು ಸಲಕರಣೆಗಳ ಸಾಕಷ್ಟು ಲಭ್ಯತೆ, ವೈದ್ಯರೊಂದಿಗಿನ ಸಹಕಾರ. ಅದೇ ವರ್ಷ ಅದೇ ವಿಶ್ವವಿದ್ಯಾಲಯದ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಶುಶ್ರೂಷಕಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುತ್ತಿದ್ದುದನ್ನು ತೋರಿಸಿದರು.

3. ತೀವ್ರ ನಿಗಾ ಘಟಕಗಳಿಂದ ದೊರೆತ ಸಾಕ್ಷ್ಯ

ಇದೇ ಪ್ರಶ್ನೆಯನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೆ, ಅಂದರೆ ಎನ್‌ಐಸಿಯುಗಳಿಗೆ, ಅನ್ವಯಿಸಿದ ಅಧ್ಯಯನಗಳು ಮುಂದಿನ ದಶಕದಲ್ಲಿ ಬಂದವು. ಜೆನೆಟ್ ರೊಗೋವ್‌ಸ್ಕಿ, ಲೇಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ 67 ಘಟಕಗಳಲ್ಲಿ 2008 ಮತ್ತು 2009ರಲ್ಲಿ ದಾಖಲಾದ, 1,500 ಗ್ರಾಂಗಿಂತ ಕಡಿಮೆ ತೂಕದ ಕೂಸುಗಳನ್ನು ಕುರಿತದ್ದು. ರಾಷ್ಟ್ರೀಯ ಮಾರ್ಗಸೂಚಿ ಹೇಳುವಷ್ಟು ಸಿಬ್ಬಂದಿ ಎಷ್ಟೋ ಘಟಕಗಳಲ್ಲಿ ಇರಲಿಲ್ಲ. ಹೆಚ್ಚು ನಿಗಾ ಬೇಡುವ ಕೂಸುಗಳ ವಿಷಯದಲ್ಲಿಯೇ ಕೊರತೆ ಹೆಚ್ಚಾಗಿತ್ತು. ಈ ಕೊರತೆ ಒಂದು ಪ್ರಮಾಣ ವಿಚಲನದಷ್ಟು, ಎಂದರೆ ಘಟಕಗಳ ನಡುವೆ ಸಾಮಾನ್ಯವಾಗಿ ಕಾಣುವ ಅಂತರದಷ್ಟು, ಹೆಚ್ಚಿದಲ್ಲಿ ಆಸ್ಪತ್ರೆಯಲ್ಲೇ ತಗಲುವ ಸೋಂಕಿನ ಸಂಭವವು ಸುಮಾರು ಶೇ. 40ರಷ್ಟು ಅಧಿಕವಾಗಿತ್ತು. ಇಂಥ ಅಧ್ಯಯನಗಳು ಎರಡು ಸಂಗತಿಗಳ ನಡುವಿನ ನಂಟನ್ನು ತೋರಿಸುತ್ತವೆಯೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ತಾವಾಗಿಯೇ ಸಾಬೀತುಪಡಿಸಲಾರವು ಎಂಬುದನ್ನು ಮರೆಯಬಾರದು. ಆದರೆ ಕಾರಣದ ಜಾಡು ಇಲ್ಲಿ ಅಸ್ಪಷ್ಟವಾಗಿಲ್ಲ: ಅಷ್ಟು ಸಣ್ಣ ಕೂಸಿಗೆ ರಕ್ತನಾಳದಲ್ಲಿ ಇರಿಸಿದ ನಳಿಕೆಯ ಮೂಲಕ ಆಹಾರ ಮತ್ತು ಔಷಧ ಕೊಡಬೇಕಾಗಿದ್ದು, ಆ ನಳಿಕೆಯನ್ನು ಮುಟ್ಟುವ ಪ್ರತಿ ಸಲವೂ ಕೈ ತೊಳೆದು ಕ್ರಮ ತಪ್ಪದೆ ನಡೆದುಕೊಳ್ಳಲು ಬೇಕಾದ ವ್ಯವಧಾನವು ಅವಸರದಲ್ಲಿ ಮೊದಲು ಕಾಣೆಯಾಗುವ ವಸ್ತು.

4. ಪಾಳಿಯ ಲೆಕ್ಕ

ಈ ಅವಸರದ ಸ್ವರೂಪವನ್ನು ಒಂದು ಸರಳ ಗಣಿತದಿಂದ ತಿಳಿಯಬಹುದು. ಒಬ್ಬ ಶುಶ್ರೂಷಕಿಗೆ ಎಂಟು ಕೂಸುಗಳ ಹೊಣೆಯಿದ್ದು, ಎರಡು ಗಂಟೆಗೊಮ್ಮೆ ಪ್ರತಿ ಕೂಸಿಗೂ ನಳಿಕೆಯಿಂದಲೋ ಬಟ್ಟಲಿನಿಂದಲೋ ಹಾಲು ಕೊಡಬೇಕಾಗಿದ್ದು, ಒಂದು ಉಣಿಕೆಗೆ ಹದಿನೈದು ನಿಮಿಷ ಹಿಡಿಯುತ್ತದೆ ಎಂದುಕೊಂಡರೆ, ಎಂಟು ಗಂಟೆಯ ಪಾಳಿಯಲ್ಲಿ 32 ಉಣಿಕೆಗಳಾಗಿ, 480 ನಿಮಿಷಗಳಾಗಿ, ಪಾಳಿಯೇ ಮುಗಿದುಹೋಗುತ್ತದೆ. ಔಷಧ, ತಾಪಮಾನದ ದಾಖಲೆ, ಉಪಕರಣಗಳ ಶುಚಿ, ಹೊರಗೆ ಕಾದಿರುವ ತಾಯಿಗೆ ಎದೆಹಾಲು ಹಿಂಡುವ ಕ್ರಮದ ವಿವರಣೆ, ಇವುಗಳಿಗೆ ಆ ಲೆಕ್ಕದಲ್ಲಿ ಒಂದು ನಿಮಿಷವೂ ಉಳಿಯುವುದಿಲ್ಲ. ಹೀಗೆ ಅಗತ್ಯವೆಂದು ಗೊತ್ತಿದ್ದೂ ಮಾಡಲಾಗದೆ ಬಿಟ್ಟುಹೋಗುವ ಕೆಲಸವನ್ನು ಸಂಶೋಧಕರು ‘ಬಿಟ್ಟುಹೋದ ಶುಶ್ರೂಷೆ’ ಎಂದು ಕರೆದು ಅಳೆಯುತ್ತ ಬಂದಿದ್ದಾರೆ. ಮಿಶಿಗನ್‌ನ ಬಿಯಾಟ್ರಿಸ್ ಕ್ಯಾಲಿಷ್ ಅವರ 2006ರ ಅಧ್ಯಯನ ಇದಕ್ಕೆ ನಾಂದಿ ಹಾಡಿತು. ಒಬ್ಬ ಶುಶ್ರೂಷಕಿ ಹತ್ತಕ್ಕೂ ಹೆಚ್ಚು ಕೂಸುಗಳನ್ನು ನೋಡಿಕೊಳ್ಳಬೇಕಾದ ಕೆನ್ಯಾದ ನೈರೋಬಿಯ ಘಟಕಗಳಲ್ಲಿ ಈಚೆಗೆ ನಡೆದ ಅಧ್ಯಯನಗಳು, ಕೂಸುಗಳ ಸಂಖ್ಯೆ ಏರಿದಂತೆ ಬಿಟ್ಟುಹೋಗುವ ಕೆಲಸಗಳೂ ಏರುತ್ತವೆ ಎಂಬುದನ್ನು ಕಣ್ಣಾರೆ ಕಂಡು ದಾಖಲಿಸಿವೆ.

5. ತಾಯಿಗೂ ಎಡೆಯಿರುವ ಘಟಕ

ಕೆಲಸದ ಏರ್ಪಾಡು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಕಾಂಗರೂ ತಾಯಿ ಆರೈಕೆ ಒಂದು ನಿದರ್ಶನ. ಅದೆಂದರೆ ಕೂಸನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ದೀರ್ಘಕಾಲ ಇರಿಸಿ, ಎದೆಹಾಲನ್ನೇ ಉಣಿಸುವ ಕ್ರಮ. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಎಡ್ಗರ್ ರೇ ಸನಾಬ್ರಿಯಾ ಅವರು ಆರಂಭಿಸಿದ ಈ ಕ್ರಮವನ್ನು ಬಹುಕಾಲ ಕೂಸಿನ ಸ್ಥಿತಿ ಸ್ಥಿರವಾದ ಮೇಲಷ್ಟೇ ಅನುಸರಿಸಲಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ 3,211 ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವು, ಹುಟ್ಟಿದ ಕೂಡಲೇ ಈ ಆರೈಕೆ ದೊರೆತ ಗುಂಪಿನಲ್ಲಿ 28 ದಿನಗಳೊಳಗಿನ ಸಾವು ಶೇ. 12.0, ಹಳೆಯ ಕ್ರಮದ ಗುಂಪಿನಲ್ಲಿ ಶೇ. 15.7 ಎಂದು ತೋರಿಸಿತು. ಲಾಭ ಇಷ್ಟು ಸ್ಪಷ್ಟವಾದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಭಾರತದ ಪಾಲಿನ ಕೆಲಸ ನಡೆದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ತಾಯಿಯ ಹಾಸಿಗೆಯನ್ನೂ ತೀವ್ರ ನಿಗಾ ಘಟಕದೊಳಕ್ಕೆ ತರಬೇಕಾಯಿತು. ಬಾಣಂತಿಯ ಆರೈಕೆ ಮತ್ತು ಕೂಸಿನ ಆರೈಕೆ ಎಂಬ ಎರಡು ವಿಭಾಗಗಳ ಗೋಡೆ ಕರಗಿ, ಶುಶ್ರೂಷಕಿ ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳುವಂತಾಯಿತು. ಜೀವ ಉಳಿಸಿದ ಈ ಬದಲಾವಣೆಯಲ್ಲಿ ಹೊಸ ಔಷಧವಾವುದೂ ಇರಲಿಲ್ಲ, ಕೆಲಸದ ಏರ್ಪಾಡೇ ಬೇರೆಯಾಗಿತ್ತು ಎಂಬುದು ಗಮನಾರ್ಹ.

ಕರ್ನಾಟಕಕ್ಕೆ ಈ ಕಥನದಲ್ಲಿ ತನ್ನದೇ ಪಾಲಿದೆ. ಕಾಂಗರೂ ಆರೈಕೆಯನ್ನು ಒಂದು ಆಸ್ಪತ್ರೆಯಿಂದ ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆ ಎಂದು ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆದ ಅಧ್ಯಯನಕ್ಕೆ ಆಯ್ಕೆಯಾದ ಕ್ಷೇತ್ರಗಳಲ್ಲಿ ಕೊಪ್ಪಳ ಜಿಲ್ಲೆಯೂ ಒಂದಾಗಿದ್ದು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಅಲ್ಲಿನ ಸರ್ಕಾರಿ ವ್ಯವಸ್ಥೆಯೊಂದಿಗೆ ಕೂಡಿ ಕೆಲಸ ಮಾಡಿತು.

6. ಆಗಬೇಕಾದದ್ದು

2014ರ ಭಾರತ ನವಜಾತ ಶಿಶು ಕ್ರಿಯಾಯೋಜನೆಯು 2030ರೊಳಗೆ ನವಜಾತ ಮರಣ ಪ್ರಮಾಣವನ್ನು ಸಾವಿರಕ್ಕೆ ಹತ್ತಕ್ಕಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡಿದೆ. ಜಿಲ್ಲಾಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂದು ಕರೆಯಲಾಗುವ ವಿಶೇಷ ಆರೈಕೆ ಘಟಕಗಳು ತಲೆ ಎತ್ತಿರುವುದು ಈ ದಾರಿಯ ದೊಡ್ಡ ಸಾಧನೆ. ಆದರೆ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳ ಸಂಖ್ಯೆಯಷ್ಟೇ ಆ ಘಟಕದ ಶಕ್ತಿಯಲ್ಲ. ದೇಶದಲ್ಲಿ ಅತಿ ಹೆಚ್ಚು ಶುಶ್ರೂಷಾ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದ್ದು, ಇಲ್ಲಿ ಕಲಿತವರು ಹೊರನಾಡು, ಹೊರದೇಶಗಳ ವಾರ್ಡುಗಳನ್ನು ನಡೆಸುತ್ತಿರುವಾಗ, ಅವರನ್ನು ಇಲ್ಲಿಯೇ ಉಳಿಸಿಕೊಳ್ಳುವ ಪರಿಸರ ಕಟ್ಟುವುದು ಶಿಶು ಆರೋಗ್ಯದ ಕೆಲಸವೇ ಆಗುತ್ತದೆ.

ಅದಕ್ಕೆ ಮೂರು ಕ್ರಮಗಳು ತಕ್ಷಣ ಬೇಕು. ಪ್ರತಿ ಪಾಳಿಯಲ್ಲಿ ಒಬ್ಬ ಶುಶ್ರೂಷಕಿಗೆ ಎಷ್ಟು ಕೂಸುಗಳಿದ್ದವು ಎಂಬ ಸಂಖ್ಯೆಯನ್ನು ಸಾವು ಮತ್ತು ಸೋಂಕಿನ ಅಂಕಿಗಳ ಪಕ್ಕದಲ್ಲಿಯೇ ದಾಖಲಿಸಿ ಪ್ರಕಟಿಸಬೇಕು. ನವಜಾತ ಆರೈಕೆಯಲ್ಲಿ ತರಬೇತಿ ಪಡೆದವರನ್ನು ಬೇರೆ ವಾರ್ಡುಗಳಿಗೆ ಸುತ್ತುಪಾಳಿಯಲ್ಲಿ ವರ್ಗಾಯಿಸುವ ರೂಢಿ ನಿಲ್ಲಬೇಕು. ಏಕೆಂದರೆ ಕೂಸು ಬಾಡುವ ಮೊದಲ ಸುಳಿವನ್ನು ಗುರುತಿಸುವ ಕಣ್ಣು ವರ್ಷಗಳ ಅಭ್ಯಾಸದಿಂದ ಬರುವಂಥದು. ಶಿಶುಮರಣ ಪರಿಶೀಲನಾ ಸಭೆಯಲ್ಲಿ ಆ ಪಾಳಿಯ ಶುಶ್ರೂಷಕಿ ವಿವರಣೆ ಕೊಡಲು ಕರೆಸಿಕೊಂಡ ಆಪಾದಿತೆಯಾಗದೆ, ಘಟಕದ ಕೊರತೆಗಳನ್ನು ನಿರ್ಭಯವಾಗಿ ಹೇಳುವ ಸದಸ್ಯೆಯಾಗಿ ಕುಳಿತಿರಬೇಕು. ಈ ಮೂರಕ್ಕೂ ತಗಲುವ ವೆಚ್ಚವು ಯಂತ್ರೋಪಕರಣಗಳಿಗೆ ಈಗಾಗಲೇ ಆಗಿರುವ ವೆಚ್ಚವನ್ನು ಸಾರ್ಥಕಗೊಳಿಸುವಂಥದಾದ್ದರಿಂದ, ಒಂದು ಘಟಕ ಮಂಜೂರಾಗುವಾಗ ಹಾಸಿಗೆಯ ಸಂಖ್ಯೆಯೊಂದಿಗೆ ಕಾಯಂ ಶುಶ್ರೂಷಕಿಯರ ಸಂಖ್ಯೆಯೂ ಅದೇ ಆದೇಶದಲ್ಲಿ ಇರಬೇಕೆಂದು ಒತ್ತಾಯಿಸುವುದು ವೈದ್ಯರ, ಆಡಳಿತಗಾರರ ಮತ್ತು ನಾಗರಿಕರ ಸಮಾನ ಹೊಣೆಯಾಗಿದೆ.